ಹಸಿರು ದೀಪ ಉರಿಯುತ್ತಿತ್ತು, ನೀರು ಸರಿಯಿರಲಿಲ್ಲ

ಹಬ್ಬದ ಮರುದಿನ ನಮ್ಮ ಕುಟುಂಬದಲ್ಲಿ ಒಂದು ಸಣ್ಣ ಜಗಳವಾಯಿತು. ಕಾರಣ ಒಂದು ಈಜುಕೊಳ.

ಕಾಪುವಿನವರಿಗೆ ನೀರಿಗೇನು ಬರ ಎಂದು ನೀವು ಕೇಳಬಹುದು. 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಗೆ ಹಗಲಿರುಳು ಅಲೆ ಬಡಿಯುವ ಊರು ನಮ್ಮದು. ಆದರೆ ಕಡಲು ಕಣ್ಣಿಗೆ ಹತ್ತಿರವಾದರೂ ನಮ್ಮಂತಹ ಹೆಂಗಸರಿಗೆ ದೂರವೇ. ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದು, ಪಾದ ಒದ್ದೆ ಮಾಡಿಕೊಂಡು, ಬುರ್ಖಾದ ಅಂಚಿನ ಮರಳು ಕೊಡವಿ ಮನೆಗೆ ಬಂದರೆ ಮುಗಿಯಿತು ನಮ್ಮ ಸಮುದ್ರ ವಿಹಾರ. ಹಾಗಾಗಿ, ಎತ್ತರದ ಗೋಡೆಯ ಒಳಗೆ ಈಜುಕೊಳವಿರುವ ಒಂದು ಹೋಮ್‌ಸ್ಟೇಯವರು ಎರಡು ಗಂಟೆ ಹೆಂಗಸರಿಗೂ ಮಕ್ಕಳಿಗೂ ಮಾತ್ರ ಬಿಟ್ಟುಕೊಡುತ್ತಾರೆ, ಆ ಹೊತ್ತಿಗೆ ಕೆಲಸದವರನ್ನೂ ಹೊರಗೆ ಕಳುಹಿಸುತ್ತಾರೆ ಎಂದು ಗೊತ್ತಾದಾಗ ಮನೆಯಲ್ಲಿ ಎರಡನೇ ಹಬ್ಬವೇ ಆಯಿತು. ಫೋನಿನಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದರು: "ನಮ್ಮದು ಉಪ್ಪುನೀರಿನ ಕೊಳ, ಕ್ಲೋರಿನ್ ಇಲ್ಲ. ಎಲ್ಲವೂ ಆಟೋಮ್ಯಾಟಿಕ್. ಸಣ್ಣ ಮಕ್ಕಳನ್ನೂ ಇಳಿಸಬಹುದು."

ನಮ್ಮನ್ನು ಬಿಡಲು ಬಂದಿದ್ದ ನನ್ನ ತಮ್ಮ ವ್ಯಾನಿನಿಂದಿಳಿದು ಕೊಳದ ಬಳಿ ಹೋದ. ನೀರನ್ನು ಒಂದು ನಿಮಿಷ ನೋಡಿದ. ಬಳಿಕ ಪಂಪಿನ ಕೋಣೆ ಎಲ್ಲಿ ಎಂದು ಅಲ್ಲಿನ ಹುಡುಗನನ್ನು ಕೇಳಿದ. ಗೋಡೆಯ ಮೇಲೊಂದು ಪೆಟ್ಟಿಗೆ, ಅದರಲ್ಲಿ ಹಸಿರು ದೀಪ. ಪರದೆಯ ಮೇಲೆ ಪಿಎಚ್ 7.4, ಓಆರ್‌ಪಿ 720 ಎಂದು ಎರಡು ಅಂಕಿಗಳು. ಎಲ್ಲವೂ ಸರಿ ಎಂಬ ಲೆಕ್ಕ. ತಮ್ಮ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಪರೀಕ್ಷೆಯ ಡಬ್ಬಿಯನ್ನು ತೆರೆದು, ದ್ರಾವಣದ ಬಾಟಲಿಗಳ ಮೇಲಿನ ತಾರೀಕು ನೋಡಿದ. ಪುಟ್ಟ ಕೊಳವೆಗಳಲ್ಲಿ ಕೊಳದ ನೀರು ತುಂಬಿಸಿ ಹನಿ ಹಾಕಿದ. ಒಂದು ಕೊಳವೆ ಹಳದಿಯಾಗಬೇಕಿತ್ತು, ಬಣ್ಣವೇ ಬರಲಿಲ್ಲ. ಇನ್ನೊಂದು ಕಡುಕೆಂಪಾಯಿತು. "ಕ್ಲೋರಿನ್ ಹೆಸರಿಗೂ ಇಲ್ಲ, ಪಿಎಚ್ 8 ದಾಟಿದೆ. ಇವತ್ತು ಮಕ್ಕಳನ್ನು ಇಳಿಸುವುದು ಬೇಡ ಅಕ್ಕ" ಎಂದ.

ಮಕ್ಕಳು ಅಷ್ಟರಲ್ಲಿ ಬಟ್ಟೆ ಬದಲಾಯಿಸಿ ನಿಂತಿದ್ದರು. ಹಣವನ್ನೂ ಕೊಟ್ಟಾಗಿತ್ತು. "ಮೆಷಿನ್ ಸರಿ ಎನ್ನುವಾಗ ಇವನದೊಂದು ಪರೀಕ್ಷೆ" ಎಂದು ನನ್ನ ನಾದಿನಿ ಮುಖ ಊದಿಸಿಕೊಂಡಳು. ಸಣ್ಣವಳು ಅಳತೊಡಗಿದಳು. ನನಗೂ ಬೇಸರವೇ, ಎರಡು ಗಂಟೆಯ ಆ ನೆಮ್ಮದಿಗಾಗಿ ತಿಂಗಳಿನಿಂದ ಕಾದಿದ್ದೆ. ಆಗ ಉಮ್ಮ ಮೆಲ್ಲನೆ ಹೇಳಿದರು: "ಒಂಬತ್ತು ವರ್ಷ ಇದೇ ನೀರನ್ನು ನೋಡಿಕೊಂಡು ಅವನು ನಮಗೆ ಅನ್ನ ಹಾಕಿದ್ದು. ಅವನ ಮಾತನ್ನು ಇವತ್ತು ಕೇಳದಿದ್ದರೆ ಮತ್ತೆ ಯಾವಾಗ ಕೇಳುವುದು?"

ನಾವೆಲ್ಲ ಸುಮ್ಮನಾದೆವು. ತಮ್ಮ ದುಬೈಯಲ್ಲಿ ಹೋಟೆಲಿನಲ್ಲಿ ಇದ್ದಾನೆ ಎಂದಷ್ಟೇ ನಾವು ಊರಿನಲ್ಲಿ ಹೇಳುತ್ತಿದ್ದುದು. ಮದುವೆಯ ಮಾತುಕತೆಯ ಸಂದರ್ಭದಲ್ಲೂ ಈಜುಕೊಳದ ಕೆಲಸ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಅದು ತೊಳೆಯುವ ಕೆಲಸವಲ್ಲವೇ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಅಳುಕು. ಆ ದಿನ ಮನೆಗೆ ಮರಳಿದ ಮೇಲೆ ನಾನು ಅವನ ಪಕ್ಕದಲ್ಲಿ ಕುಳಿತು, ನೀನು ಅಲ್ಲಿ ಮಾಡುತ್ತಿದ್ದ ಕೆಲಸವಾದರೂ ಏನು ಎಂದು ಮೊದಲ ಸಲ ಕೇಳಿದೆ. ಅವನು ಹೇಳಿದ್ದನ್ನು ನನ್ನ ಓದುಗ ಸಹೋದರಿಯರಿಗೂ ಹೇಳಬೇಕು ಎನಿಸಿತು. ಏಕೆಂದರೆ ನಮ್ಮ ಕರಾವಳಿಯಲ್ಲಿ ಈಗ ರೆಸಾರ್ಟ್, ಹೋಮ್‌ಸ್ಟೇಗಳಲ್ಲಿ ಮಾತ್ರವಲ್ಲ, ಗಲ್ಫಿನಿಂದ ಮರಳಿದವರ ಹೊಸ ಮನೆಗಳಲ್ಲೂ ಇಂತಹ ಕೊಳಗಳು ಕಾಣಿಸುತ್ತಿವೆ.

ಉಪ್ಪುನೀರಿನ ಕೊಳದಲ್ಲಿ ಕ್ಲೋರಿನ್ ಇಲ್ಲ ಎಂಬುದೇ ಮೊದಲ ತಪ್ಪು ತಿಳುವಳಿಕೆ. ಅಲ್ಲಿ ಉಪ್ಪನ್ನು ಹಾಕುವುದೇ ಕ್ಲೋರಿನ್ ತಯಾರಿಸಲು. ಅಡುಗೆ ಉಪ್ಪೆಂದರೆ ಸೋಡಿಯಂ ಮತ್ತು ಕ್ಲೋರಿನ್ ಸೇರಿ ಆದ ವಸ್ತು. ಉಪ್ಪು ಕರಗಿದ ನೀರು ಪಂಪಿನಿಂದ ಹೊರಟು ಫಿಲ್ಟರ್ ದಾಟಿ, ಸೆಲ್ ಎಂಬ ಪಾರದರ್ಶಕ ಕೊಳವೆಯೊಳಗೆ ಹಾಯುತ್ತದೆ. ಅದರೊಳಗೆ ವಿಶೇಷ ಲೇಪನವಿರುವ ಟೈಟಾನಿಯಂ ಲೋಹದ ಪ್ಲೇಟುಗಳಿವೆ. ಅವುಗಳಿಗೆ ಕಡಿಮೆ ವೋಲ್ಟಿನ ವಿದ್ಯುತ್ ಕೊಟ್ಟಾಗ ಒಂದು ಕಡೆ ಕ್ಲೋರಿನ್ ಹುಟ್ಟಿ ಅಲ್ಲೇ ನೀರಿನಲ್ಲಿ ಕರಗುತ್ತದೆ, ಇನ್ನೊಂದು ಕಡೆ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಕರಗಿದ ಕ್ಲೋರಿನ್ ರೋಗಾಣುಗಳನ್ನು ಕೊಂದು ತನ್ನ ಕೆಲಸ ಮುಗಿಸಿದ ಮೇಲೆ ಮತ್ತೆ ಉಪ್ಪಿನ ರೂಪಕ್ಕೇ ಮರಳುತ್ತದೆ. ಆದ್ದರಿಂದ ಉಪ್ಪು ಖರ್ಚಾಗುವುದಿಲ್ಲ. ನೀರು ಚಿಮ್ಮಿ, ತುಂಬಿ ಹೊರಹೋದಾಗ ಮತ್ತು ಫಿಲ್ಟರ್ ತೊಳೆದಾಗ ಮಾತ್ರ ಕಡಿಮೆಯಾಗುತ್ತದೆ.

ಇದು ನಮ್ಮ ಕರಾವಳಿಗೆ ಹೊಸ ವಿದ್ಯೆಯೂ ಅಲ್ಲ. ಕಾರವಾರದ ಬಿಣಗಾದಲ್ಲಿರುವ ದೊಡ್ಡ ಕಾರ್ಖಾನೆ ಉಪ್ಪುನೀರಿಗೆ ವಿದ್ಯುತ್ ಹಾಯಿಸಿಯೇ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತಯಾರಿಸುತ್ತದೆ. ಅಲ್ಲಿ ಟನ್ನುಗಟ್ಟಲೆ ನಡೆಯುವುದು ಇಲ್ಲಿ ಒಂದು ಮೊಳದ ಕೊಳವೆಯೊಳಗೆ ಗ್ರಾಂ ಲೆಕ್ಕದಲ್ಲಿ ನಡೆಯುತ್ತದೆ, ಅಷ್ಟೇ.

ಹಾಗಾದರೆ ಕೊಳದ ನೀರು ಕಡಲ ನೀರಿನಂತೆ ಉಪ್ಪಾಗಿರುತ್ತದೆಯೇ? ಇಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಕೊಳಕ್ಕೆ ಬೇಕಾದದ್ದು ಲೀಟರಿಗೆ 3ರಿಂದ 4 ಗ್ರಾಂ ಮಾತ್ರ. ನಮ್ಮ ಕಣ್ಣೀರಿನಲ್ಲಿ ಅದಕ್ಕಿಂತ ಹೆಚ್ಚು ಉಪ್ಪಿದೆ. 50,000 ಲೀಟರಿನ ಕೊಳಕ್ಕೆ ಲೀಟರಿಗೆ ಮೂರೂವರೆ ಗ್ರಾಂನಂತೆ 175 ಕಿಲೋ, ಅಂದರೆ 50 ಕಿಲೋದ ಮೂರೂವರೆ ಚೀಲ. ಅಯೋಡಿನ್ ಬೆರೆಸದ ಶುದ್ಧ ಉಪ್ಪನ್ನೇ ಹಾಕಬೇಕು.

ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರೋಗಾಣು ಉಳಿಯುತ್ತದೆ. ಆದರೆ ಕ್ಲೋರಿನ್ ಇದ್ದರೆ ಮಾತ್ರ ಸಾಲದು, ಅದಕ್ಕೆ ಕೆಲಸ ಮಾಡಲು ಬಿಡುವ ನೀರೂ ಬೇಕು. ಇಲ್ಲಿ ಬರುತ್ತದೆ ಪಿಎಚ್, ಅಂದರೆ ನೀರಿನ ಹುಳಿ ಮತ್ತು ಕ್ಷಾರದ ಅಳತೆ. ಅದು 7.2ರಿಂದ 7.8ರ ಒಳಗಿರಬೇಕು. ಪಿಎಚ್ 7.5 ಇರುವಾಗ ಸುಮಾರು ಅರ್ಧದಷ್ಟು ಕ್ಲೋರಿನ್ ರೋಗಾಣುವನ್ನು ಬೇಗ ಕೊಲ್ಲುವ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಕೊಳದಲ್ಲಿ ಪಿಎಚ್ ತಾನಾಗಿ ಮೇಲಕ್ಕೆ ಏರುತ್ತಾ ಹೋಗುವುದು ಸಾಮಾನ್ಯ. ಅದನ್ನು ಇಳಿಸಲು ಆಗಾಗ ಆಮ್ಲ ಬೇಕಾಗುತ್ತದೆ.

ಗೋಡೆಯ ಮೇಲಿನ ಪೆಟ್ಟಿಗೆ ಮಾಡುವುದು ಇದನ್ನೇ. ಅದಕ್ಕೆ ಎರಡು ನಾಲಗೆಗಳಿವೆ, ಪ್ರೋಬ್ ಎನ್ನುತ್ತಾರೆ. ಪೆನ್ನಿನಂತಹ ಗಾಜಿನ ಕಡ್ಡಿಗಳು. ಒಂದು ಪಿಎಚ್ ಅಳೆಯುತ್ತದೆ. ಇನ್ನೊಂದು ಓಆರ್‌ಪಿ, ಅಂದರೆ ರೋಗಾಣು ಕೊಲ್ಲಲು ನೀರಿನಲ್ಲಿ ಎಷ್ಟು ಬಲವಿದೆ ಎಂಬುದನ್ನು ಮಿಲಿವೋಲ್ಟಿನಲ್ಲಿ ಅಳೆಯುತ್ತದೆ. ಸಾಮಾನ್ಯವಾಗಿ 650ರಿಂದ 750ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಬಲ ಕುಗ್ಗಿದರೆ ಪೆಟ್ಟಿಗೆ ಸೆಲ್ಲಿಗೆ ವಿದ್ಯುತ್ ಕೊಡುತ್ತದೆ, ಹೆಚ್ಚಾದರೆ ನಿಲ್ಲಿಸುತ್ತದೆ. ಪಿಎಚ್ ಏರಿದರೆ ಸಣ್ಣ ಪಂಪಿನಿಂದ ಆಮ್ಲ ಹನಿಸುತ್ತದೆ. ನೀರು ಹರಿಯದಿದ್ದರೆ ಎಲ್ಲವನ್ನೂ ನಿಲ್ಲಿಸಲು ಬೇರೊಂದು ಸ್ವಿಚ್ಚಿದೆ. ನಿಂತ ನೀರಿನಲ್ಲಿ ಸೆಲ್ ಕೆಲಸ ಮಾಡಿದರೆ ಹೈಡ್ರೋಜನ್ ಅಲ್ಲೇ ಕೂಡಿಕೊಂಡು ಅಪಾಯವಾಗುತ್ತದೆ. ಆ ಸ್ವಿಚ್ಚನ್ನು ಯಾವ ಕಾರಣಕ್ಕೂ ತಪ್ಪಿಸಿ ವಯರ್ ಜೋಡಿಸಬಾರದು.

"ಪೆಟ್ಟಿಗೆಗೆ ಕಣ್ಣಿಲ್ಲ ಅಕ್ಕ" ಎಂದ ತಮ್ಮ. "ನಾಲಗೆ ಹೇಳಿದ್ದನ್ನೇ ಅದು ನಂಬುತ್ತದೆ. ಜ್ವರ ಬಂದವನ ನಾಲಗೆಗೆ ಸಕ್ಕರೆಯೂ ಕಹಿಯಲ್ಲವೇ? ಹಾಗೆಯೇ ಇದು."

ಆ ಹೋಮ್‌ಸ್ಟೇಯಲ್ಲಿ ಆಗಿದ್ದೂ ಅದೇ. ಮೈಯ ಎಣ್ಣೆ, ಕ್ರೀಮು, ಸುಣ್ಣದಂಶ ಎಲ್ಲ ಸೇರಿ ಪ್ರೋಬುಗಳ ತುದಿಗೆ ಪಾಚಿಯಂತೆ ಕಟ್ಟಿಕೊಂಡಿತ್ತು. ಕೂರಿಸಿದ ಮೇಲೆ ಅವುಗಳನ್ನು ಯಾರೂ ತೆಗೆದು ನೋಡಿರಲಿಲ್ಲ. ಅವು ಹಳೆಯ ಅಂಕಿಗೇ ಅಂಟಿಕೊಂಡಿದ್ದವು. ಎಲ್ಲವೂ ಸರಿಯಿದೆ ಎಂದು ನಂಬಿದ ಪೆಟ್ಟಿಗೆ ಆಮ್ಲವನ್ನೂ ಹನಿಸಲಿಲ್ಲ, ಕ್ಲೋರಿನ್ನನ್ನೂ ಮಾಡಲಿಲ್ಲ. ಬಿಸಿಲು ಉಳಿದ ಕ್ಲೋರಿನ್ನನ್ನು ತಿಂದುಹಾಕಿತ್ತು. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಅಲ್ಲಿನ ಹುಡುಗನದು ತಪ್ಪೆನ್ನಲಾಗದು. ದೀಪ ಹಸಿರಿದ್ದರೆ ಏನನ್ನೂ ಮುಟ್ಟಬೇಡ ಎಂದಷ್ಟೇ ಅವನಿಗೆ ಹೇಳಿಕೊಟ್ಟಿದ್ದರು.

ತಮ್ಮ ಅಲ್ಲಿ ನಡೆಸುತ್ತಿದ್ದ ಕ್ರಮ ಹೀಗಿತ್ತು. ಬೆಳಿಗ್ಗೆ ಯಂತ್ರವನ್ನು ನೋಡುವ ಮೊದಲು ನೀರನ್ನು ನೋಡುವುದು. ಆಳದ ತಳದಲ್ಲಿರುವ ಜಾಲರಿ ಮೇಲಿನಿಂದ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಅಂದು ಕೊಳ ಬಂದ್. ಬಳಿಕ ಹನಿ ಹಾಕಿ ಕ್ಲೋರಿನ್, ಪಿಎಚ್ ಅಳೆದು, ಪರದೆಯ ಅಂಕಿಯ ಪಕ್ಕದಲ್ಲೇ ಪುಸ್ತಕದಲ್ಲಿ ಬರೆಯುವುದು. ಎರಡೂ ಹೊಂದಿಕೊಳ್ಳದಿದ್ದರೆ ಹನಿಯನ್ನು ನಂಬಿ ಪ್ರೋಬನ್ನು ಪರೀಕ್ಷಿಸುವುದು. ವಾರಕ್ಕೊಮ್ಮೆ ಉಪ್ಪಿನ ಪ್ರಮಾಣ ನೋಡುವುದು, ಫಿಲ್ಟರಿನ ಒತ್ತಡದ ಮುಳ್ಳು ಏರಿದ್ದರೆ ಅದನ್ನು ತೊಳೆಯುವುದು. ತಿಂಗಳಿಗೊಮ್ಮೆ ಪ್ರೋಬುಗಳನ್ನು ತೆಗೆದು ಮೃದುವಾಗಿ ತೊಳೆದು, ಪಿಎಚ್ 7 ಮತ್ತು 4 ಎಂದು ಗುರುತಿಸಿದ ದ್ರಾವಣಗಳಲ್ಲಿ ಅದ್ದಿ ಅಂಕಿ ಸರಿಪಡಿಸುವುದು. ಪ್ರೋಬಿನ ತುದಿ ಒಣಗಿದರೆ ಅದು ಹಾಳಾಯಿತೆಂದೇ ಲೆಕ್ಕ. ಸೆಲ್ಲಿನ ಪ್ಲೇಟುಗಳಲ್ಲಿ ಕೆಟಲಿನ ತಳದಲ್ಲಿರುವಂತಹ ಬಿಳಿ ಪೊರೆ ಕಂಡರೆ, ವಿದ್ಯುತ್ ಆರಿಸಿ, ಸೆಲ್ ಬಿಚ್ಚಿ, ತೆಳು ಆಮ್ಲದಲ್ಲಿ ತೊಳೆಯುವುದು. ಆಮ್ಲ ತೆಳುವಾಗಿಸುವಾಗ ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು, ಮುಖಕ್ಕೆ ಸಿಡಿಯುತ್ತದೆ. ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗದಂತೆ ಸಯನ್ಯೂರಿಕ್ ಆಮ್ಲ ಎಂಬ ಪುಡಿಯನ್ನು ಲೀಟರಿಗೆ 30ರಿಂದ 50 ಮಿಲಿಗ್ರಾಂನಷ್ಟು ಇಡುತ್ತಾರೆ. ಅದು ಹೆಚ್ಚಾದರೆ ಕ್ಲೋರಿನ್ನಿನ ಕೈಕಟ್ಟಿ ಹಾಕುತ್ತದೆ.

ದುಬೈಯಲ್ಲಿ ಇಲ್ಲದ ಒಂದು ತೊಂದರೆ ಇಲ್ಲಿದೆ ಎಂದು ಅವನು ನಕ್ಕ. ಅದು ನಮ್ಮ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಾಲ್ಕು ಅಡಿ ಆಳದ ಕೊಳವೆಂದರೆ 1,200 ಮಿಲಿಮೀಟರ್. ಅಂದರೆ ಒಂದೇ ಮಳೆಗಾಲದಲ್ಲಿ ತೆರೆದ ಕೊಳದ ಮೇಲೆ ಅದರ ಆಳದ ಎರಡು ಪಟ್ಟಿಗಿಂತ ಹೆಚ್ಚು ನೀರು ಸುರಿಯುತ್ತದೆ. ಕೊಳ ತುಂಬಿ ಹರಿದು ಉಪ್ಪು ಕೊಚ್ಚಿಹೋಗುತ್ತದೆ, ಉಪ್ಪು ಕಡಿಮೆಯಾದರೆ ಸೆಲ್ ಕ್ಲೋರಿನ್ ಮಾಡುವುದಿಲ್ಲ. ಪೆಟ್ಟಿಗೆ ಕೂಗಿ ಎಚ್ಚರಿಸಿದರೂ ಎಷ್ಟೋ ಕಡೆ ಕಿರಿಕಿರಿ ಎಂದು ಅದರ ಸದ್ದನ್ನೇ ಆರಿಸಿಬಿಡುತ್ತಾರೆ. ಮಳೆಗಾಲದಲ್ಲಿ ಕೊಳಕ್ಕೆ ಹೋಗುವವರು ಉಪ್ಪು ಯಾವಾಗ ನೋಡಿದಿರಿ ಎಂದು ಕೇಳುವುದು ಒಳ್ಳೆಯದು.

ಇನ್ನು ನಮ್ಮ ಪಾಲಿನ ಕೆಲಸ. ಕೊಳದಲ್ಲಿ ಕಣ್ಣು ಉರಿದರೆ, ಮೂಗಿಗೆ ಘಾಟು ಹೊಡೆದರೆ ಕ್ಲೋರಿನ್ ಹೆಚ್ಚಾಯಿತು ಎನ್ನುತ್ತೇವೆ. ಹೆಚ್ಚಾಗಿ ನಿಜ ಬೇರೆಯೇ. ಬೆವರು ಮತ್ತು ಮೂತ್ರ ಕ್ಲೋರಿನ್ನಿನ ಜೊತೆ ಸೇರಿ ಹುಟ್ಟುವ ಕ್ಲೋರಮೈನ್ ಎಂಬ ವಸ್ತುವಿನ ಘಾಟು ಅದು. ಅದರಿಂದ ಕ್ಲೋರಿನ್ ವ್ಯರ್ಥವಾಗುತ್ತದೆ, ದಮ್ಮು ಇರುವ ಮಕ್ಕಳಿಗೆ ತೊಂದರೆಯೂ ಆಗುತ್ತದೆ. ನಿಂತ ನೀರಿನಲ್ಲಿ ಮೂತ್ರ ಮಾಡಿ ಮತ್ತೆ ಅದರಲ್ಲೇ ಸ್ನಾನ ಮಾಡುವುದನ್ನು ಪ್ರವಾದಿವರ್ಯರು(ಸ) ವಿರೋಧಿಸಿದ್ದಾರೆ ಎಂಬುದನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಹದಿನಾಲ್ಕು ಶತಮಾನಗಳ ಹಿಂದಿನ ಆ ಬೋಧನೆ ಇಂದಿನ ಕೊಳಕ್ಕೂ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ನೀರಿಗೆ ಇಳಿಯುವ ಮುಂಚೆ ಮಕ್ಕಳನ್ನು ಶೌಚಕ್ಕೆ ಕರೆದೊಯ್ದು, ಮೈಮೇಲೆ ಎರಡು ಚೊಂಬು ನೀರು ಸುರಿಯಿರಿ. ಭೇದಿಯಾಗುತ್ತಿರುವ ಮಗುವನ್ನು ಖಂಡಿತ ಇಳಿಸಬೇಡಿ. ಸರಿಯಾದ ಕ್ಲೋರಿನ್ನಿನಲ್ಲೂ ದಿನಗಟ್ಟಲೆ ಬದುಕುವ ಭೇದಿಯ ರೋಗಾಣುಗಳಿವೆ. ಮತ್ತು ಯಾವ ಯಂತ್ರವೂ ಮಗು ಮುಳುಗುವುದನ್ನು ನೋಡುವುದಿಲ್ಲ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ಅವರನ್ನೇ ನೋಡುತ್ತಿರಬೇಕು.

ನಮಗೆ ಕೊಳವೇ ಇಲ್ಲ, ಇದೆಲ್ಲ ಏಕೆ ಎನ್ನುವ ಸಹೋದರಿಯರೂ ಇರಬಹುದು. ಇದೇ ಕ್ಲೋರಿನ್ ನಮ್ಮ ಬಾವಿಗೂ ಬರುತ್ತದೆ, ಬ್ಲೀಚಿಂಗ್ ಪೌಡರಿನ ರೂಪದಲ್ಲಿ. ಅದಕ್ಕೂ ಅಂದಾಜು ಸಲ್ಲದು, ಲೆಕ್ಕ ಬೇಕು. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂನಷ್ಟು ಪುಡಿ. ಅದನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಕೊಡದಿಂದ ಚೆನ್ನಾಗಿ ಕಲಕಿ ಒಂದು ಗಂಟೆಯಾದರೂ ಬಿಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಒಳ್ಳೆಯದು. ಮಳೆಗಾಲದ ಕದಡಿದ ನೀರಿಗೆ ಎಷ್ಟು ಬೇಕೆಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ.

ಇನ್ನೊಂದು ಎಚ್ಚರಿಕೆ, ಇದು ಪ್ರತಿ ಮನೆಗೂ. ಬಚ್ಚಲು ಮತ್ತು ಶೌಚಾಲಯ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪೌಡರ್ ಅಥವಾ ಬಟ್ಟೆ ಬಿಳುಪು ಮಾಡುವ ದ್ರಾವಣದ ಜೊತೆ ಎಂದಿಗೂ ಬೆರೆಸಬೇಡಿ. ಇನ್ನಷ್ಟು ಚೊಕ್ಕವಾಗಲಿ ಎಂದು ಎರಡನ್ನೂ ಸುರಿಯುವವರಿದ್ದಾರೆ. ಆಗ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವೂ ಅದೇ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ. ಅಪ್ಪಿತಪ್ಪಿ ಹಾಗಾದರೆ ಕೂಡಲೇ ಹೊರಗೆ ಬಂದು ತೆರೆದ ಗಾಳಿಯಲ್ಲಿ ನಿಲ್ಲಿ, ಉಸಿರಾಟಕ್ಕೆ ಕಷ್ಟವೆನಿಸಿದರೆ ವೈದ್ಯರ ಬಳಿ ಹೋಗಿ. ಕೊಳದ ಕೋಣೆಯಲ್ಲೂ ಆಮ್ಲದ ಕ್ಯಾನು ಮತ್ತು ಕ್ಲೋರಿನ್ ಪುಡಿಯನ್ನು ಒಟ್ಟಿಗೆ ಇಡಬಾರದು.

ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್ ಎಂದವರಿಗೆ, ಮೊದಲು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ತಿಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಯಂತ್ರ ನೋಡಿಕೊಳ್ಳುತ್ತದೆ ಎಂದು ಮಕ್ಕಳನ್ನು ನೀರಿಗಿಳಿಸುವುದೂ ಒಂಟೆಯನ್ನು ಕಟ್ಟದೆ ಬಿಟ್ಟಂತೆಯೇ. ಯಂತ್ರ ಒಳ್ಳೆಯದೇ, ಅದು ರಾತ್ರಿಯಿಡೀ ಎಚ್ಚರವಿರುತ್ತದೆ. ಆದರೆ ಯಂತ್ರವನ್ನು ನೋಡುವ ಮನುಷ್ಯನೊಬ್ಬ ಬೇಕು. ಆ ಮನುಷ್ಯನ ಕೆಲಸವನ್ನು ಕೀಳೆಂದುಕೊಂಡು ಒಂಬತ್ತು ವರ್ಷ ಮುಚ್ಚಿಟ್ಟೆವಲ್ಲ ಎಂಬ ನಾಚಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹೋಮ್‌ಸ್ಟೇಯವರು ಮುನಿಸಿಕೊಳ್ಳಲಿಲ್ಲ. ಪ್ರೋಬ್ ಬದಲಾಯಿಸಿ, ಹೊಸ ಪರೀಕ್ಷೆಯ ಡಬ್ಬಿ ತರಿಸಿ, ಎರಡು ವಾರದ ಮೇಲೆ ತಾವಾಗಿಯೇ ನಮ್ಮನ್ನು ಕರೆದರು. ನಾವು ಹೋದಾಗ ಆ ಹುಡುಗ ಒಂದು ನೋಟ್‌ಬುಕ್ ಹಿಡಿದು ತಮ್ಮನ ಬಳಿ ಬಂದ. ಪ್ರತಿದಿನದ ತಾರೀಕು, ಹನಿಯ ಅಂಕಿ, ಪರದೆಯ ಅಂಕಿ ಅದರಲ್ಲಿತ್ತು. ತಮ್ಮ ಕೊನೆಯ ಸಾಲನ್ನು ಓದಿ, ತಾನೂ ಒಮ್ಮೆ ಹನಿ ಹಾಕಿ ನೋಡಿ, ತಲೆಯಾಡಿಸಿ ಹೊರಗೆ ಹೋದ. ಹುಡುಗನೂ ಅವನ ಹಿಂದೆಯೇ ನಡೆದ. ಬಾಗಿಲು ಹಾಕಿಕೊಂಡ ಮೇಲೆ ಎಲ್ಲರಿಗಿಂತ ಮೊದಲು ನೀರಿಗೆ ಇಳಿದವಳು ನನ್ನ ನಾದಿನಿ.

ಕೊಳದ ಬದಿಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಉಮ್ಮನನ್ನು ಪಕ್ಕದ ಮನೆಯವರು, "ನಿಮ್ಮ ಮಗ ದುಬೈಯಲ್ಲಿ ಏನು ಮಾಡುತ್ತಿದ್ದ?" ಎಂದು ಕೇಳಿದರು.

"ಈಜುಕೊಳದ ನೀರು ನೋಡಿಕೊಳ್ಳುತ್ತಿದ್ದ" ಎಂದರು ಉಮ್ಮ.